ಎಬಿಸಿಡಿಗೆ ಮುಂಚೆ ಕೆರೆ-ದಡ

ಅಂಗನವಾಡಿ ಬಾಗಿಲಲ್ಲಿ ಮಗುವನ್ನು ಬಿಡಲು ಬಂದ ತಾಯ್ತಂದೆ ಕೇಳುವ ಮೊದಲ ಪ್ರಶ್ನೆ ಒಂದೇ: 'ಎಬಿಸಿಡಿ ಹೇಳ್ಕೊಡ್ತೀರಾ ಮಿಸ್?' ಹೂಂ ಅನ್ನದಿದ್ದರೆ ಮುಂದಿನ ಜೂನ್ ಹೊತ್ತಿಗೆ ಆ ಮಗು ಕಾನ್ವೆಂಟಿನ ವ್ಯಾನಿನಲ್ಲಿ. ಆಟದ ಸಾಮಾನು ಕಿತ್ತುಕೊಳ್ಳದೆ ಕೇಳಿ ತಗೊಳ್ಳೋದು, ಸರದಿ ಬರುವ ತನಕ ಕಾಯೋದು, ಅಳುವವರ ಪಕ್ಕ ಹೋಗಿ ಕೂರೋದು, ಸಿಟ್ಟು ಬಂದರೆ ಹೊಡೆಯದೆ ಬಾಯಲ್ಲಿ ಹೇಳೋದು — ಇದನ್ನು ಕಲಿಸ್ತೀರಾ ಅಂತ ಕೇಳುವವರು ಅಪರೂಪ.

ಇದ್ಯಾವುದೋ ಹೊಸ ಫ್ಯಾಷನ್ ಅಂತ ಮೂಗು ಮುರಿಯಬೇಡಿ. ನಮ್ಮ ಕೆರೆ-ದಡ ಆಟವನ್ನೇ ನೋಡಿ. ಟೀಚರು 'ಕೆರೆ' ಅಂದರೆ ಗೆರೆಯ ಒಳಗೆ ಹಾರಬೇಕು, 'ದಡ' ಅಂದರೆ ಹೊರಗೆ. ಅವರು ಬೇಕಂತಲೇ 'ಕೆರೆ, ದಡ, ದಡ' ಅಂತಾರೆ. ಹಾರಲು ಹೊರಟ ಕಾಲನ್ನು ಮಗು ತಾನೇ ತಡೆದುಕೊಳ್ಳಬೇಕು. ತಡೆಯಲಾರದೆ ಹಾರಿದವನು ಔಟು. ಮುಖ ಸಪ್ಪಗೆ ಮಾಡಿಕೊಂಡು ಗೋಡೆ ಪಕ್ಕ ನಿಲ್ತಾನೆ, ಮುಂದಿನ ಆಟಕ್ಕೆ ಮತ್ತೆ ಬರ್ತಾನೆ. ತನ್ನನ್ನು ತಾನು ಹಿಡಿದುಕೊಳ್ಳುವ ಬುದ್ಧಿ, ಸೋತರೂ ಆಟ ಬಿಡದ ಬುದ್ಧಿ ಎರಡಕ್ಕೂ ಅಲ್ಲೇ ಅಭ್ಯಾಸ. ಸುಣ್ಣದ ಗೆರೆ ಒಂದು ಸಾಕು, ಟೆಂಡರ್ ಕರೆಯಬೇಕಿಲ್ಲ. (ಮೇಲಿನವರಿಗೆ ಇದರಲ್ಲಿ ಆಸಕ್ತಿ ಕಮ್ಮಿ ಇರೋದು ಅದಕ್ಕೇ ಇರಬಹುದು!)

ಸರ್ಕಾರದ ಕಾಗದವೂ ಇದನ್ನೇ ಹೇಳುತ್ತೆ. 2022ರಲ್ಲಿ ಕೇಂದ್ರ ಹೊರಡಿಸಿದ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು 3ರಿಂದ 8 ವರ್ಷದ ಮಕ್ಕಳಿಗೆ ಆಟದ ಮೂಲಕವೇ ಪಾಠ ಎಂದಿದೆ. ತನ್ನ ಭಾವನೆಗಳನ್ನು ಗುರುತಿಸಿ ಹತೋಟಿಯಲ್ಲಿ ಇಟ್ಟುಕೊಳ್ಳುವುದನ್ನು ಕಲಿಕೆಯ ಗುರಿಗಳಲ್ಲೇ ಸೇರಿಸಿದೆ. ಕಾಗದ ಸರಿಯಾಗೇ ಇದೆ. ಅದನ್ನು ನಡೆಸಿಕೊಡಬೇಕಾದ ಹೆಣ್ಣುಮಗಳ ದಿನ ಹೇಗಿದೆ ಸ್ವಾಮಿ?

ನಮ್ಮ ಮೈಸೂರು ಜಿಲ್ಲೆಗೆ ಈ ವಿಷಯದಲ್ಲಿ ಹಿರಿತನವಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಿಂದ ಸೇರಿದ್ದು ನಮ್ಮ ತಿ. ನರಸೀಪುರ. ಆಗಲೇ ಊಟ, ಚುಚ್ಚುಮದ್ದಿನ ಓಡಾಟ, ಶಾಲಾಪೂರ್ವ ಪಾಠ ಎಲ್ಲಾ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿಯ ತಲೆ ಮೇಲೆ. 2017ರಲ್ಲಿ ಮಾತೃಪೂರ್ಣ ಬಂತು, ಗರ್ಭಿಣಿ-ಬಾಣಂತಿಯರ ಊಟವೂ ಸೇರಿತು. 2021ರಲ್ಲಿ ಪೋಷಣ್ ಟ್ರ್ಯಾಕರ್ ಬಂತು, ಕೈಗೆ ಮೊಬೈಲು ಅಂಟಿಕೊಂಡಿತು. ತೂಕ, ಎತ್ತರ, ಹಾಜರಿ ಒತ್ತುತ್ತಾ ಕೂತರೆ, ನೆಟ್‌ವರ್ಕ್ ಹುಡುಕಿ ಅಂಗಳಕ್ಕೆ ಓಡಿದರೆ, ಕೆರೆ-ದಡ ಆಡಿಸೋರು ಯಾರು?

ಒಬ್ಬ ಕಚ್ಚಿದ, ಒಬ್ಬಳು ಅತ್ತಳು. ಇಬ್ಬರನ್ನೂ ಕೂರಿಸಿ, ಯಾಕಪ್ಪಾ ಕಚ್ಚಿದೆ, ಅವಳಿಗೆ ಎಷ್ಟು ನೋವಾಯ್ತು ನೋಡು ಅಂತ ಮಾತಾಡಿಸುವ ಐದು ನಿಮಿಷವಿದೆಯಲ್ಲ, ಪಾಠ ಅಂದರೆ ಅದೇ. ಪುರುಸೊತ್ತಿಲ್ಲದವರು ಗದರಿಸಿ ಮೂಲೆಗೆ ಕೂರಿಸ್ತಾರೆ. ಅವರನ್ನು ಬೈದು ಏನು ಪ್ರಯೋಜನ? ಕೆಲಸ ಏರಿಸುತ್ತಲೇ ಹೋದ ಸರ್ಕಾರಗಳು ಇವರನ್ನು ನೌಕರರು ಅನ್ನದೆ ಗೌರವಧನದಲ್ಲೇ ಇಟ್ಟಿವೆ. ಗ್ರಾಚ್ಯುಟಿ ಕೊಡಿ ಅಂತ ಹೇಳೋಕೆ 2022ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು.

ಅಂಗನವಾಡಿಗಳಿಗೆ ತಾಯಂದಿರೂ ಇರುವ ಬಾಲವಿಕಾಸ ಸಮಿತಿ ಅಂತ ಒಂದಿದೆ. ಮುಂದಿನ ಸಭೆಯಲ್ಲಿ ಮೊಟ್ಟೆ ಲೆಕ್ಕ ಮುಗಿದ ಮೇಲೆ ಇದನ್ನೂ ಎತ್ತಿ. ಬೆಳಿಗ್ಗೆ ಮೊದಲ ಒಂದು ಗಂಟೆ ಮೊಬೈಲು ಬೀರುವಿನಲ್ಲಿರಲಿ, ಟೀಚರು ಮಕ್ಕಳ ಜೊತೆ ಇರಲಿ ಅಂತ ನಿರ್ಣಯ ಬರೆದು, ಸಹಿ ಹಾಕಿ, ಸಿಡಿಪಿಒ ಆಫೀಸಿಗೆ ಕಳಿಸಿ. ಅವರೇನು ಉತ್ತರ ಕೊಡ್ತಾರೋ ನೋಡೋಣ.