ಯಂತ್ರ ಆಫ್ ಆಗಿದೆ ಸರಿ, ಕೀ ಯಾರ ಜೇಬಲ್ಲಿದೆ?

"ಮಶೀನ್ ಆಫ್ ಇದೆ, ಒಳಗೆ ಹೋಗಿ ಕ್ಲೀನ್ ಮಾಡ್ಕೊಂಡು ಬಾ." ಯಾವ ಲ್ಯಾಬ್‌ನಲ್ಲಾದರೂ ಕೇಳಿಬರುವ ಸಾಮಾನ್ಯ ಮಾತಿದು. ಆದರೆ ಎಲೆಕ್ಟ್ರಾನ್, ಪ್ರೋಟಾನ್‌ಗಳನ್ನು ಭಾರೀ ವೇಗದಲ್ಲಿ ಚಿಮ್ಮಿಸುವ ಪಾರ್ಟಿಕಲ್ ಆಕ್ಸಿಲರೇಟರ್, ಅಂದರೆ ಕಣ ವೇಗವರ್ಧಕ ಇರುವ ಕಡೆ ಈ ಮಾತಿಗೆ ಕೆಲವರು ಕೈ ಬೆರಳುಗಳನ್ನೇ ತೆತ್ತಿದ್ದಾರೆ.

1991ರ ಡಿಸೆಂಬರ್. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 30 ಲಕ್ಷ ವೋಲ್ಟ್‌ನ ಒಂದು ಕೈಗಾರಿಕಾ ಎಲೆಕ್ಟ್ರಾನ್ ಯಂತ್ರ. ಅದರ ನಿರ್ವಹಣೆಗೆಂದು ಒಬ್ಬ ಆಪರೇಟರ್ ಒಳಗೆ ಹೋದ. ಎಲೆಕ್ಟ್ರಾನ್ ಹೊರಡಿಸುವ ಫಿಲಮೆಂಟ್ ಆಫ್ ಆಗಿತ್ತು. ಆದರೆ ಹೈ ವೋಲ್ಟೇಜ್ ಆನ್ ಇತ್ತು. ಅಷ್ಟು ವೋಲ್ಟೇಜ್ ಇದ್ದರೆ ಫಿಲಮೆಂಟ್ ತಣ್ಣಗಿದ್ದರೂ ಲೋಹದ ಮೇಲ್ಮೈಯಿಂದ ಎಲೆಕ್ಟ್ರಾನ್‌ಗಳು ಸೋರುತ್ತವೆ. ಇದಕ್ಕೆ ಡಾರ್ಕ್ ಕರೆಂಟ್ ಅಂತಾರೆ. ಕಣ್ಣಿಗೆ ಕಾಣಲ್ಲ, ಸದ್ದಿಲ್ಲ, ವಾಸನೆಯಿಲ್ಲ. ಸುಮಾರು ಮೂರು ತಿಂಗಳ ನಂತರ ಆತನ ಎರಡೂ ಕೈಗಳ ಬೆರಳುಗಳನ್ನು ಕತ್ತರಿಸಬೇಕಾಯಿತು.

ಮರುವರ್ಷ, 1992ರ ನವೆಂಬರ್, ವಿಯೆಟ್ನಾಂನ ಹನೋಯ್. ಸಂಶೋಧನಾ ಲ್ಯಾಬ್ ಒಂದರ ನಿರ್ದೇಶಕರೇ ಸ್ಯಾಂಪಲ್ ಸರಿಯಾಗಿ ಇಡಲು ಯಂತ್ರದ ಕೋಣೆಗೆ ಹೋದರು. ಕಂಟ್ರೋಲ್ ರೂಮಿನಲ್ಲಿದ್ದವರಿಗೆ ಅದು ಗೊತ್ತಿರಲಿಲ್ಲ, ಬೀಮ್ ಆನ್ ಮಾಡಿದರು. ಬಾಗಿಲು ತೆರೆದಿದ್ದರೆ ಬೀಮ್ ಬರದಂತೆ ತಡೆಯುವ ಇಂಟರ್‌ಲಾಕ್ ಅಲ್ಲಿರಲಿಲ್ಲ. ನಿರ್ದೇಶಕರು ಒಂದು ಕೈ ಕಳೆದುಕೊಂಡರು.

ಅದಕ್ಕೂ ಮುಂಚೆ, 1978ರ ಜುಲೈನಲ್ಲಿ ಸೋವಿಯತ್ ಒಕ್ಕೂಟದ ಪ್ರೊತ್ವಿನೊದಲ್ಲಿ ಅನಾತೊಲಿ ಬುಗೊರ್ಸ್ಕಿ ಎಂಬ ಯುವ ಸಂಶೋಧಕ ಕೆಟ್ಟುಹೋದ ಉಪಕರಣ ನೋಡಲು ಬಗ್ಗಿದಾಗ ಪ್ರೋಟಾನ್ ಬೀಮ್ ಆತನ ತಲೆಯನ್ನೇ ತೂರಿಕೊಂಡು ಹೋಯಿತು. ಪುಣ್ಯಕ್ಕೆ ಬದುಕಿದ. ಆದರೆ ಎಡ ಕಿವಿ ಕೇಳಿಸದಾಯಿತು, ಮುಖದ ಎಡಭಾಗ ಪಾರ್ಶ್ವವಾಯುವಿಗೆ ತುತ್ತಾಯಿತು.

ಒಬ್ಬ ಆಪರೇಟರ್, ಒಬ್ಬ ನಿರ್ದೇಶಕ, ಒಬ್ಬ ಸಂಶೋಧಕ. ಮೂವರಲ್ಲಿ ಯಾರೂ ದಡ್ಡರಲ್ಲ. ಮೂವರೂ ಪೆಟ್ಟು ತಿಂದದ್ದು ಯಂತ್ರ ತಮ್ಮ ಪಾಡಿಗೆ ತಾವು ಓಡಿಸುವಾಗ ಅಲ್ಲ, ಅದರ ಹತ್ತಿರ ಹೋಗಿ ಕೈ ಹಾಕಿದಾಗ. ಯಂತ್ರ ಓಡುವಾಗ ದಪ್ಪ ಕಾಂಕ್ರೀಟ್ ಗೋಡೆ ಮನುಷ್ಯರನ್ನು ಕಾಯುತ್ತೆ. ರಿಪೇರಿ, ಕ್ಲೀನಿಂಗ್ ಅಂತ ಬಂದಾಗ ಮನುಷ್ಯ ಆ ಗೋಡೆಯ ಒಳಗೇ ಹೋಗಬೇಕು. ಆಗ ಅವನನ್ನು ಕಾಯುವವರು ಯಾರು?

ನಿಂತ ಯಂತ್ರವೂ ಸುಮ್ಮನಿರಲ್ಲ

ಇದು ದೂರದ ದೇಶಗಳ ಕತೆ ಅಂದುಕೊಳ್ಳಬೇಡಿ. ಇಂದೋರ್‌ನಲ್ಲಿ ಇಂಡಸ್-1, ಇಂಡಸ್-2 ಇವೆ. ಕೋಲ್ಕತ್ತಾದಲ್ಲಿ ಸೈಕ್ಲೋಟ್ರಾನ್, ದೆಹಲಿ ಮತ್ತು ಮುಂಬೈಗಳಲ್ಲಿ ಪೆಲೆಟ್ರಾನ್ ಇವೆ. ನಮ್ಮ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲೇ ಮೈಕ್ರೋಟ್ರಾನ್ ಇದೆ. ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ರೇಡಿಯೋಥೆರಪಿಗೆ ಬಳಸುವ ಲಿನಾಕ್ ಕೂಡ ಇದೇ ಕುಟುಂಬದ ಯಂತ್ರ.

ಸ್ವಿಚ್ ಆಫ್ ಮಾಡಿದ ಮೇಲೂ ಇವುಗಳಲ್ಲಿ ಏನೇನು ಉಳಿದಿರುತ್ತೆ ನೋಡಿ. ಹೈ ವೋಲ್ಟೇಜ್ ಕೆಪಾಸಿಟರ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ಚಾರ್ಜ್ ನಿಂತಿರಬಹುದು. ಆದ್ದರಿಂದ ಗ್ರೌಂಡಿಂಗ್ ರಾಡ್ ತಾಗಿಸದೆ ಯಾರೂ ಕೈ ಹಾಕಬಾರದು. ಹೆಚ್ಚು ಶಕ್ತಿಯ ಯಂತ್ರಗಳಲ್ಲಿ ಬೀಮ್ ತಾಗಿದ ತಾಮ್ರ, ಉಕ್ಕು, ಅಲ್ಯೂಮಿನಿಯಂ ಭಾಗಗಳೇ ವಿಕಿರಣ ಹೊರಸೂಸಲು ಶುರು ಮಾಡುತ್ತವೆ. ಸೋಡಿಯಂ-24 ಸುಮಾರು 15 ಗಂಟೆಗೆ ಅರ್ಧಕ್ಕೆ ಇಳಿಯುತ್ತೆ. ಆದರೆ ಕೋಬಾಲ್ಟ್-60 ಅರ್ಧಕ್ಕೆ ಇಳಿಯಲು ಐದು ವರ್ಷಕ್ಕೂ ಹೆಚ್ಚು ಬೇಕು. ಹಾಗಾಗಿ ಎಷ್ಟು ಹೊತ್ತು ಕಾಯಬೇಕು ಅನ್ನೋದನ್ನ ಮೀಟರ್ ಹೇಳಬೇಕೇ ಹೊರತು ಮೇಲಧಿಕಾರಿಯ ಅವಸರವಲ್ಲ.

ಅಂಥ ಕಡೆ ಧೂಳನ್ನು ಪೊರಕೆಯಿಂದ ಗುಡಿಸುವಂತಿಲ್ಲ, ಗಾಳಿ ಹೊಡೆದು ಊದುವಂತಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಕೈಗವಸನ್ನೂ ಮೀಟರ್ ಹಿಡಿದು ನೋಡಿ, ಬೇರೆ ಚೀಲಕ್ಕೆ ಹಾಕಬೇಕು. ಮಾಮೂಲಿ ಕಸದ ಬುಟ್ಟಿಗಲ್ಲ. ಕೆಲವು ಯಂತ್ರಗಳಲ್ಲಿ ಬೆರಿಲಿಯಂ ಲೋಹದ ತೆಳು ಕಿಟಕಿ ಇರುತ್ತೆ. ಅದನ್ನು ಉಜ್ಜಿದರೆ ಏಳುವ ಪುಡಿ ಶ್ವಾಸಕೋಶಕ್ಕೆ ವಿಷ.

ಪೆಲೆಟ್ರಾನ್ ಕತೆ ಇನ್ನೊಂದು. ಅದರ ದೈತ್ಯ ಟ್ಯಾಂಕಿನಲ್ಲಿ ವಿದ್ಯುತ್ ನಿರೋಧಕವಾಗಿ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲ ತುಂಬಿರುತ್ತಾರೆ. ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಐದು ಪಟ್ಟು ಭಾರ. ನಿರ್ವಹಣೆಗೆ ಟ್ಯಾಂಕ್ ತೆರೆದಾಗ ಅನಿಲ ತಳದಲ್ಲಿ ಉಳಿದಿದ್ದರೆ ಅಲ್ಲಿ ಉಸಿರಾಡಲು ಆಮ್ಲಜನಕ ಇರಲ್ಲ. ಅದಕ್ಕೇ ಅನಿಲವನ್ನು ಪೂರ್ತಿ ಬೇರೆ ಟ್ಯಾಂಕಿಗೆ ಸಾಗಿಸಿ, ಶುದ್ಧ ಗಾಳಿ ತುಂಬಿಸಿ, ಆಮ್ಲಜನಕ ಅಳೆದು, ಹೊರಗೊಬ್ಬರನ್ನು ಕಾವಲು ನಿಲ್ಲಿಸಿಯೇ ಒಳಗೆ ಇಳಿಯಬೇಕು.

ಕೇಳಿದ ಹಾಗಿದೆಯಲ್ಲ? ಹೌದು, ಮ್ಯಾನ್‌ಹೋಲ್! ಆಮ್ಲಜನಕ ಇಲ್ಲದ ಗುಂಡಿಗೆ ಮನುಷ್ಯರನ್ನು ಇಳಿಸಬಾರದು ಅನ್ನೋದು ಈ ದೇಶಕ್ಕೆ ಗೊತ್ತಿಲ್ಲದ ವಿಜ್ಞಾನವೇನಲ್ಲ. 2013ರಲ್ಲೇ ಅದಕ್ಕೆ ಕಾನೂನು ಬಂದಿದೆ. ಆದರೂ ಸಾವುಗಳು ನಿಂತಿಲ್ಲ. ಯಾಕಂದ್ರೆ ಇಳಿಯುವವನಿಗೆ "ಆಗಲ್ಲ" ಅನ್ನುವ ಹಕ್ಕಿಲ್ಲ. ಪ್ರಶ್ನೆ ಇರುವುದು ಜ್ಞಾನದ್ದಲ್ಲ, ಅಧಿಕಾರದ್ದು.

ಮಾಯಾಪುರಿಯ ಪಾಠ

ಈ ಅಧಿಕಾರದ ಪ್ರಶ್ನೆಯನ್ನು ಕಡೆಗಣಿಸಿದರೆ ಏನಾಗುತ್ತೆ ಅನ್ನೋದಕ್ಕೆ 2010ರ ದೆಹಲಿ ಸಾಕ್ಷಿ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ 1985ರಿಂದ ಬಳಸದೆ ಬಿದ್ದಿದ್ದ ಗಾಮಾ ಉಪಕರಣವೊಂದಿತ್ತು. ಅದು ವೇಗವರ್ಧಕವಲ್ಲ, ಒಳಗೆ ಕೋಬಾಲ್ಟ್-60 ಇದ್ದ ಯಂತ್ರ. ಆಫ್ ಮಾಡಲು ಸ್ವಿಚ್ಚೇ ಇಲ್ಲದ ವಿಕಿರಣ. ಫೆಬ್ರವರಿಯಲ್ಲಿ ಅದನ್ನು ಹರಾಜು ಹಾಕಿದರು. ಮಾಯಾಪುರಿಯ ಗುಜರಿ ಅಂಗಡಿಗಳಲ್ಲಿ ಅದನ್ನು ಒಡೆದು ಬಿಚ್ಚಲಾಯಿತು. ಹಲವರು ವಿಕಿರಣದಿಂದ ಆಸ್ಪತ್ರೆ ಸೇರಿದರು, ಏಪ್ರಿಲ್‌ನಲ್ಲಿ ಒಬ್ಬ ಕಾರ್ಮಿಕ ಸತ್ತ.

ಉಪಕರಣ ತರಿಸಿದವರು ವಿಜ್ಞಾನಿಗಳು. ಬಳಸಿ ಲಾಭ ಪಡೆದವರು ವಿಭಾಗದವರು. ಬಿಚ್ಚಿ ಸತ್ತವನು ಗುಜರಿ ಕೆಲಸಗಾರ. ಲ್ಯಾಬ್ ಉಪಕರಣದ ಕೊನೆಯ "ಕ್ಲೀನಿಂಗ್" ಮಾಡುವವರು ಯಾರು ಅನ್ನೋದಕ್ಕೆ ನಮ್ಮ ಜಾತಿ ವ್ಯವಸ್ಥೆ ಮೊದಲೇ ಉತ್ತರ ಬರೆದಿಟ್ಟಿದೆ.

ಕಾನೂನು ಬಂತು, ಕೆಲಸಗಾರ ಎಲ್ಲಿ?

ಪರಮಾಣು ಶಕ್ತಿ ನಿಯಂತ್ರಣ ಮಂಡಳಿ (ಎಇಆರ್‌ಬಿ) 1983ರಲ್ಲಿ ಹುಟ್ಟಿತು. ದಶಕಗಳ ಕಾಲ ಅದು ಉತ್ತರ ಕೊಡುತ್ತಿದ್ದದ್ದು ಪರಮಾಣು ಶಕ್ತಿ ಆಯೋಗಕ್ಕೆ. ಆ ಆಯೋಗದ ಅಧ್ಯಕ್ಷರೇ ಪರಮಾಣು ಶಕ್ತಿ ಇಲಾಖೆಯ ಕಾರ್ಯದರ್ಶಿ. ಅಂದರೆ ಪರೀಕ್ಷೆ ಬರೆಯುವವರ ಮನೆಯಲ್ಲೇ ಮೇಷ್ಟ್ರು ವಾಸ. 2012ರಲ್ಲಿ ಸಿಎಜಿ ವರದಿ ಇದನ್ನು ಎತ್ತಿ ತೋರಿಸಿತು. ದೇಶದ 57,443 ವೈದ್ಯಕೀಯ ಎಕ್ಸ್‌ರೇ ಘಟಕಗಳಲ್ಲಿ 52,173 ಘಟಕಗಳು, ಅಂದರೆ ಶೇ. 91ರಷ್ಟು, ನೋಂದಣಿಯೇ ಇಲ್ಲದೆ ನಡೆಯುತ್ತಿವೆ ಅಂತಲೂ ಅದೇ ವರದಿ ಹೇಳಿತು.

2025ರ ಡಿಸೆಂಬರ್‌ನಲ್ಲಿ ಸಂಸತ್ತು ಶಾಂತಿ ಮಸೂದೆ ಅಂಗೀಕರಿಸಿ ಎಇಆರ್‌ಬಿಗೆ ಶಾಸನಬದ್ಧ ಸ್ಥಾನ ಕೊಟ್ಟಿತು. ಅದು ಒಳ್ಳೆಯದೇ. ಆದರೆ ಚರ್ಚೆ ಬಹುಪಾಲು ಸುತ್ತಿದ್ದು ಖಾಸಗಿ ಕಂಪನಿಗಳ ಪ್ರವೇಶ ಮತ್ತು ಪರಿಹಾರದ ಹೊಣೆಯ ಸುತ್ತ. ಯಂತ್ರದ ಕೋಣೆ ಒರೆಸುವ ಗುತ್ತಿಗೆ ನೌಕರ, ಫೆಲೋಶಿಪ್ ನಿಂತುಹೋದೀತು ಅಂತ ಬಾಯಿ ಮುಚ್ಚಿಕೊಂಡಿರುವ ಪಿಎಚ್‌ಡಿ ವಿದ್ಯಾರ್ಥಿ ಆ ಚರ್ಚೆಯಲ್ಲಿ ಕಾಣಲಿಲ್ಲ.

ನಿಯಮಗಳೇ ಇಲ್ಲ ಅಂತಲ್ಲ. ವಿಕಿರಣ ಕೆಲಸಗಾರರಿಗೆ ಐದು ವರ್ಷಕ್ಕೆ ಒಟ್ಟು 100 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ದಾಟುವಂತಿಲ್ಲ ಎಂಬ ಮಿತಿ ಇದೆ. ಆ ಲೆಕ್ಕ ಇಡಲು ಎದೆಗೆ ಟಿಎಲ್‌ಡಿ ಬ್ಯಾಡ್ಜ್ ಹಾಕಬೇಕು. ಆದರೆ ಬ್ಯಾಡ್ಜ್ ಇಲ್ಲದವನ ಲೆಕ್ಕ ಯಾವ ಪುಸ್ತಕದಲ್ಲೂ ಬರಲ್ಲ. ಲೆಕ್ಕಕ್ಕೆ ಬರದವನಿಗೆ ಮಿತಿಯೂ ಇಲ್ಲ, ಪರಿಹಾರವೂ ಇಲ್ಲ.

ಕೀ ಒಳಗೆ ಹೋಗುವವನ ಕೈಗೆ

ಪರಿಹಾರ ಏನು? ಜಗತ್ತು ಇದಕ್ಕೆ ಒಂದು ಸರಳ ಉತ್ತರ ಕಂಡುಕೊಂಡಿದೆ. ಜಿನೀವಾ ಬಳಿಯ ಸೆರ್ನ್‌ನಲ್ಲಿ ಸುರಂಗಕ್ಕೆ ಹೋಗುವ ಪ್ರತಿಯೊಬ್ಬರೂ ಬಾಗಿಲ ಬಳಿಯ ಪೆಟ್ಟಿಗೆಯಿಂದ ತಮ್ಮದೊಂದು ಕೀ ತೆಗೆದುಕೊಳ್ಳಬೇಕು. ಎಲ್ಲ ಕೀಗಳೂ ವಾಪಸ್ ಬರುವವರೆಗೆ ಬೀಮ್ ಬರಲ್ಲ. ಒಳಗಿರುವವರು ವಿಜ್ಞಾನಿಯೋ, ಪೈಪ್ ರಿಪೇರಿಯವರೋ, ಕಸ ತೆಗೆಯುವವರೋ, ಆ ಕೀಗೆ ಗೊತ್ತಿಲ್ಲ. ಇಡೀ ಯಂತ್ರವನ್ನು ತಡೆದು ನಿಲ್ಲಿಸುವ ಅಧಿಕಾರ ಅವರ ಜೇಬಿನಲ್ಲಿರುತ್ತೆ. ಇದು ಎಂಜಿನಿಯರಿಂಗ್ ಕೂಡ ಹೌದು, ಪ್ರಜಾಪ್ರಭುತ್ವ ಕೂಡ ಹೌದು.

ಆದರೆ ಕೀ ಒಂದೇ ಸಾಲದು. 2013ರ ಮೇನಲ್ಲಿ ಜಪಾನಿನ ತೋಕಾಯ್‌ನ ಜೆ-ಪಾರ್ಕ್ ಕೇಂದ್ರದಲ್ಲಿ ಚಿನ್ನದ ಟಾರ್ಗೆಟ್ ಅತಿಯಾಗಿ ಕಾದು ವಿಕಿರಣ ಸೋರಿತು. ಅಲಾರಾಂ ಹೊಡೆದಿತ್ತು. ಸಿಬ್ಬಂದಿ ರೀಸೆಟ್ ಮಾಡಿ ಕೆಲಸ ಮುಂದುವರಿಸಿದರು, ಫ್ಯಾನ್ ಹಾಕಿ ಒಳಗಿನ ಗಾಳಿಯನ್ನು ಹೊರಗೆ ಬಿಟ್ಟರು. 34 ಮಂದಿ ವಿಕಿರಣಕ್ಕೆ ಒಡ್ಡಿಕೊಂಡರು. ಪ್ರಮಾಣ ಕಡಿಮೆಯಿತ್ತು, ನಿಜ. ಆದರೆ ಅಷ್ಟು ಮುಂದುವರಿದ ದೇಶದಲ್ಲೂ "ಕೆಲಸ ನಿಲ್ಲಬಾರದು" ಅನ್ನೋ ಒತ್ತಡ ಅಲಾರಾಂಗಿಂತ ಜೋರಾಗಿ ಕೇಳಿಸಿತ್ತು.

ಹಾಗಾಗಿ ವಿದ್ಯಾರ್ಥಿ ಸಂಘಟನೆಗಳು, ನೌಕರರ ಸಂಘಗಳು ತಮ್ಮ ಕ್ಯಾಂಪಸ್‌ನಲ್ಲಿ ಈ ಐದು ಪ್ರಶ್ನೆ ಕೇಳಲೇಬೇಕು. ಒಳಗೆ ಹೋಗುವ ಗುತ್ತಿಗೆ ನೌಕರರಿಗೂ ಬ್ಯಾಡ್ಜ್ ಇದೆಯಾ? ಮೀಟರ್ ಹಿಡಿದು ನೋಡಿ ಸಹಿ ಹಾಕದೆ ಬಾಗಿಲು ತೆರೆಯುತ್ತಾರಾ? ಇಂಟರ್‌ಲಾಕ್ ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ? ಮೂಲೆಯಲ್ಲಿ ಬಿದ್ದಿರುವ ಹಳೆಯ ಉಪಕರಣಗಳ ಪಟ್ಟಿ ಯಾರ ಹತ್ತಿರ ಇದೆ? ಮತ್ತು ಕೊನೆಯದು, "ನಾನು ಈಗ ಒಳಗೆ ಹೋಗಲ್ಲ" ಅಂದವರ ಕೆಲಸ, ಫೆಲೋಶಿಪ್ ಉಳಿಯುತ್ತಾ?

ಮೊದಲ ನಾಲ್ಕಕ್ಕೆ ಉತ್ತರ ಕಡತದಲ್ಲಿ ಸಿಗಬಹುದು. ಐದನೆಯದಕ್ಕೆ ಉತ್ತರ ಸಿಗಬೇಕಾದರೆ ಸಂಘಟನೆ ಬೇಕು.