ನಾಲ್ಕು ಮೊಳದ ನೋಟ

ಕ್ಷೇತ್ರದರ್ಶನಕ್ಕೆ ಹೊರಟ ಶ್ರಾವಕನ ಕಾರಿನಲ್ಲಿ ಇಂದು ಅಂಗೈಯಗಲದ ಜಿಪಿಎಸ್ ಯಂತ್ರವೊಂದು ದಾರಿ ಹೇಳುತ್ತದೆ. ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಕನಿಷ್ಠ 4 ಉಪಗ್ರಹಗಳ ಸಂಕೇತಗಳಿಂದ ಅದು ವಾಹನವಿರುವ ನೆಲೆಯನ್ನು ಲೆಕ್ಕಹಾಕುತ್ತದೆ. ದಾರಿ ತಪ್ಪಿದರೆ ಹೊಸ ದಾರಿ ಹುಡುಕಿಕೊಡುತ್ತದೆ. ಆದರೆ ಚಕ್ರದ ಮುಂದೆ ಹರಿಯುವ ಹಾವಾಗಲಿ, ರಸ್ತೆ ದಾಟುವ ಕರುವಾಗಲಿ ಅದಕ್ಕೆ ಕಾಣದು.

ವಿಹಾರದಲ್ಲಿರುವ ದಿಗಂಬರ ಮುನಿಗಳಿಗೆ ಯಂತ್ರವಿಲ್ಲ, ವಾಹನವೂ ಇಲ್ಲ. ಹಗಲಿನ ಬೆಳಕಿನಲ್ಲಿ ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಜೀವಿಗಳಿಗೆ ನೋವಾಗದಂತೆ ಹೆಜ್ಜೆಯಿಡುವುದೇ ಅವರ ಈರ್ಯಾಸಮಿತಿ. ಗೃಹಸ್ಥನಿಗೆ ಅಷ್ಟು ಕಠಿಣವಾದ ನಿಯಮವಿಲ್ಲದಿದ್ದರೂ ಅದರ ಭಾವ ಅವನಿಗೂ ಸಲ್ಲುತ್ತದೆ. ಹಿಂಸೆಯ ಮೂಲ ಪ್ರಮಾದ, ಅಂದರೆ ಎಚ್ಚರಗೇಡಿತನ ಎನ್ನುತ್ತದೆ ಜೈನಧರ್ಮ. ಓಡುವ ವಾಹನದಲ್ಲಿ ಪರದೆಯ ಮೇಲೆ ನೆಟ್ಟ ಕಣ್ಣು ಅಂಥ ಪ್ರಮಾದವೇ. ದಾರಿ ತೋರಿಸಿತೆಂದು ಪಾಪದ ಹೊಣೆ ಯಂತ್ರಕ್ಕೆ ಅಂಟದು. ಕರ್ಮ ಬಂಧಿಸುವುದು ಜೀವವನ್ನೇ.

ಹಾಗೆಂದು ಯಂತ್ರವನ್ನು ತ್ಯಜಿಸಬೇಕಿಲ್ಲ. ಶ್ರಾವಕನು ಹೊರಡುವ ಮೊದಲೇ ತಲುಪಬೇಕಾದ ಊರನ್ನು ಅದರಲ್ಲಿ ನಮೂದಿಸಲಿ. ದಾರಿಯಲ್ಲಿ ಅದರ ದನಿಗೆ ಕಿವಿಗೊಟ್ಟು, ಕಣ್ಣನ್ನು ರಸ್ತೆಗೆ ಮೀಸಲಿಡಲಿ. ಬಸದಿಯನ್ನು ಮುಟ್ಟುವ ಮೊದಲೇ ಸಲ್ಲುವ ಪೂಜೆ ಅದು.