ಮಕ್ಕಳ ಹತ್ತಿರ ಬರುವವರು ಯಾರು? ಶಾಲೆ ಹೇಳಲಿ

ಮಸೂತಿ ಊರಿನ ತಂದೆ-ತಾಯಂದಿರೇ, ಶಾಲಾ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೇ, ಗುರುಗಳೇ,

ಮೊನ್ನೆ ಮುಂಜಾನೆ ಶಾಲೆ ಗಾಡಿ ಬಂದು ನಿಂತಾಗ ಒಬ್ಬ ತಾಯಿಯನ್ನು ಕೇಳಿದೆ: “ಇವತ್ತ ಗಾಡಿ ಹೊಡ್ಯಾಂವ ಬ್ಯಾರೆ ಅದಾನಲ್ಲವಾ, ಯಾರಂವ?” ಆಕೆ ಮಗಳ ಪಾಟಿಚೀಲ ಮೇಲೆ ಕೊಡುತ್ತಲೇ ಅಂದಳು: “ಗೊತ್ತಿಲ್ರಿ. ದಿನಾ ಬರಾಂವಗ ಆರಾಮಿಲ್ಲಂತ, ಇಂವನ್ನ ಕಳಿಸ್ಯಾನ.” ಗಾಡಿ ಹೊರಟಿತು. ಹೆಸರೂ ತಿಳಿಯದವನ ಕೈಗೆ ಮಕ್ಕಳನ್ನು ಒಪ್ಪಿಸಿ ನಾವು ಹೊಲದ ದಾರಿ ಹಿಡಿದೆವು.

ಇಂಥವರು ಯಾರೆಂದು ಮೊದಲೇ ಪರಿಶೀಲಿಸಲು ಕಾನೂನು ಇದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೋ ಕಾಯ್ದೆಯಡಿ 2020ರ ಮಾರ್ಚ್‌ನಲ್ಲಿ ಬಂದ ನಿಯಮಗಳ ಪ್ರಕಾರ, ಮಕ್ಕಳ ಒಡನಾಟವಿರುವ ಪ್ರತಿ ಸಂಸ್ಥೆಯೂ ತನ್ನ ಎಲ್ಲ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮಾಡಿಸಬೇಕು. ಪಾಠ ಹೇಳುವವರಾಗಲಿ, ಹೇಳದವರಾಗಲಿ; ಕಾಯಂ ಇರಲಿ, ಗುತ್ತಿಗೆ ಇರಲಿ. ಒಮ್ಮೆ ಮಾಡಿ ಮುಗಿಸುವಂತಿಲ್ಲ, ಆಗಾಗ ಮಾಡಿಸಬೇಕು. ಆದರೆ ನಮ್ಮ ಕಡೆ ನಡೆಯುವ ನೇಮಕಾತಿ ಒಂದೇ ಮಾತಿನದು: “ಪರಿಚಯದವರ ಮನಿ ಹುಡುಗ ಅದಾನ್ರಿ.”

2024ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಬದ್ಲಾಪುರದಲ್ಲಿ ಇಬ್ಬರು ಪುಟ್ಟ ಬಾಲಕಿಯರ ಮೇಲೆ ಶಾಲೆಯಲ್ಲೇ ದೌರ್ಜನ್ಯ ನಡೆಯಿತು. ಆರೋಪ ಹೊತ್ತು ಬಂಧಿತನಾದವನು ಗುತ್ತಿಗೆಯ ಮೇಲೆ ಸ್ವಚ್ಛತೆಗೆ ಬಂದವ. ಆ ತಿಂಗಳ 1ನೇ ತಾರೀಕು ಕೆಲಸಕ್ಕೆ ಸೇರಿದ್ದ, 17ಕ್ಕೆ ಬಂಧನವಾಯಿತು. ಅಂದಮೇಲೆ ಸೇರಿಸಿಕೊಂಡು ಆಮೇಲೆ ನೋಡೋಣ ಎನ್ನುವ ವಾಡಿಕೆ ನಡೆಯದು. ಪೊಲೀಸ್ ಪರಿಶೀಲನೆಯ ಕಾಗದ ಮೊದಲು, ಕೆಲಸ ಆಮೇಲೆ. ಒಂದು ದಿನದ ಬದಲಿ ಚಾಲಕನಿಗೂ ಇದೇ ಲೆಕ್ಕ.

ಹಾಗೆಂದು ಬಡವರ ಕಡೆ ಬೆರಳು ತೋರಿಸುವುದಕ್ಕೆ ಈ ಕರಪತ್ರವಲ್ಲ. 2017ರಲ್ಲಿ ಗುರುಗ್ರಾಮದ ಶಾಲೆಯೊಂದರಲ್ಲಿ ಏಳು ವರ್ಷದ ಹುಡುಗನ ಕೊಲೆಯಾದಾಗ ಪೊಲೀಸರು ಹಿಡಿದದ್ದು ಬಸ್ಸಿನ ಕಂಡಕ್ಟರನನ್ನು. ತಿಂಗಳುಗಟ್ಟಲೆ ಜೈಲಿನಲ್ಲಿದ್ದ ಆ ಮನುಷ್ಯನ ತಪ್ಪಿಲ್ಲವೆಂದು ಸಿಬಿಐ ತನಿಖೆಯಲ್ಲಿ ಹೊರಬಂತು. ಕೂಡಗಿ ವಿದ್ಯುತ್ ಸ್ಥಾವರದ ಕೆಲಸಕ್ಕೆ ದೂರದ ರಾಜ್ಯಗಳಿಂದ ಬಂದವರ ಮೇಲೂ, ವರ್ಷಾನುಗಟ್ಟಲೆ ನಮ್ಮ ಮಕ್ಕಳ ಹೊಟ್ಟೆ ತುಂಬಿಸಿದ ಬಿಸಿಯೂಟದ ತಾಯಂದಿರ ಮೇಲೂ ಸುಮ್ಮಸುಮ್ಮನೆ ಗುಮಾನಿ ಬೇಡ. ಮುಖ್ಯ ಗುರುಗಳಿಂದ ಜವಾನನವರೆಗೆ ಎಲ್ಲರಿಗೂ ಒಂದೇ ನಿಯಮವಾದರೆ ಯಾರಿಗೂ ಅವಮಾನವಿಲ್ಲ. ಪರಿಶೀಲನೆಯ ಖರ್ಚನ್ನು ಶಾಲೆ ಭರಿಸಲಿ. ಅಡುಗೆಯವರ ಅಲ್ಪ ಸಂಭಾವನೆಯಲ್ಲಿ ಮುರಿಯಕೂಡದು.

ಇನ್ನೊಂದು ಮಾತು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಮಗು ತನ್ನ ಮೇಲಾದ ದೌರ್ಜನ್ಯವನ್ನು ಬಾಯಿಬಿಟ್ಟು ಹೇಳಿದಾಗ ಊರ ಮರ್ಯಾದೆಗೆ ಅಂಜಿ ಅದನ್ನು ಮಾಡಿದವನನ್ನು ಸದ್ದಿಲ್ಲದೆ ಕೆಲಸ ಬಿಡಿಸಿ ಕಳಿಸಿದರೆ ಠಾಣೆಯಲ್ಲಿ ಅವನ ಹೆಸರೇ ಇರುವುದಿಲ್ಲ. ಮುಂದಿನ ಊರಿನ ಶಾಲೆಗೆ ಅವನು ಸ್ವಚ್ಛ ಕಾಗದ ಹಿಡಿದೇ ಹೋಗುತ್ತಾನೆ. ಇಂಥದ್ದನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಕೈಕೆಳಗಿನವನ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಪೋಕ್ಸೋ ಕಾಯ್ದೆಯ 21ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಜೈಲು ಮತ್ತು ದಂಡವಿದೆ. ಆದ್ದರಿಂದ ಠಾಣೆಯ ಕಾಗದ ಒಂದೇ ಸಾಲದು. ಕೆಲಸ ಕೇಳಿ ಬಂದವನು ಹಿಂದೆ ಎಲ್ಲಿ ಕೆಲಸ ಮಾಡಿದ್ದ, ಯಾಕೆ ಬಿಟ್ಟ ಎಂದು ಹಳೆಯ ಶಾಲೆಗೆ ಫೋನ್ ಹಚ್ಚಿ ಕೇಳಿ, ಬಂದ ಉತ್ತರವನ್ನು ತಾರೀಕು ಹಾಕಿ ಬರೆದಿಡಬೇಕು.

ಮುಂದಿನ ಪಾಲಕರ ಸಭೆಗೆ ಈ ಚೀಟಿ ತನ್ನಿ. ಸಿಬ್ಬಂದಿಯ ಪರಿಶೀಲನಾ ವಹಿ ತೋರಿಸಿರಿ ಎಂದು ಎದ್ದು ಕೇಳಿ. ಗಾಡಿಯವರ ಹೆಸರು ಅದರಲ್ಲಿ ಇದೆಯೇ ನೋಡಿ. ವಹಿಯೇ ಇಲ್ಲವೆಂದರೆ ಅವತ್ತೇ ಠರಾವು ಮಾಡಿಸಿ, ಸಹಿ ಹಾಕಿಸಿ. ಮಕ್ಕಳ ಸಹಾಯವಾಣಿ 1098, ಹಗಲು ರಾತ್ರಿ ಪುಕ್ಕಟೆ. ಅದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿ.